ಚುವಾನ್‌ಜೌ: ನರಸಿಂಹನಿರುವ ಚೀನಾದ ಬಂದರು

ಚೀನಾದ ಫುಜಿಯನ್ ಪ್ರಾಂತ್ಯದ ಕರಾವಳಿಯಲ್ಲಿ, ತೈವಾನ್ ಜಲಸಂಧಿಗೆ ಮುಖ ಮಾಡಿರುವ ಊರು ಚುವಾನ್‌ಜೌ. ಸೋಂಗ್ ಮತ್ತು ಯುವಾನ್ ಅರಸರ ಕಾಲದಲ್ಲಿ ಇದು ಜಗತ್ತಿನ ದೊಡ್ಡ ಬಂದರುಗಳಲ್ಲೊಂದು; ಅರಬ್ ವರ್ತಕರ ಬಾಯಲ್ಲಿ ಇದರ ಹೆಸರು ಜೈತೂನ್. 2021ರಲ್ಲಿ ಇಲ್ಲಿನ 22 ತಾಣಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆದರೂ ಚೀನಾಕ್ಕೆ ಹೋಗುವ ಭಾರತೀಯರಲ್ಲಿ ಇತ್ತ ತಿರುಗುವವರು ಕಡಿಮೆ.

ಹಳೇ ಪೇಟೆಯನ್ನು ಕಾಲ್ನಡಿಗೆಯಲ್ಲೇ ನೋಡಬಹುದು. 686ರಲ್ಲಿ ಸ್ಥಾಪನೆಯಾದ ಕೈಯುವಾನ್ ಬೌದ್ಧ ದೇವಾಲಯದ ಎರಡು ಕಲ್ಲಿನ ಗೋಪುರಗಳು ದೂರದಿಂದಲೇ ಕಾಣುತ್ತವೆ. ಬಂದವರಲ್ಲಿ ಬಹಳ ಮಂದಿ ಬುದ್ಧನಿಗೆ ಕೈಮುಗಿದು ಮರಳುತ್ತಾರೆ. ನಿಜವಾದ ಅಚ್ಚರಿ ಇರುವುದು ಮುಖ್ಯ ಮಂದಿರದ ಹಿಂಬದಿಯಲ್ಲಿ. ಅಲ್ಲಿನ ಎರಡು ಹದಿನಾರು ಮುಖದ ಕಂಬಗಳ ಮೇಲೆ, ವೃತ್ತಗಳ ಒಳಗೆ, ಹಿರಣ್ಯಕಶಿಪುವನ್ನು ಸೀಳುವ ನರಸಿಂಹ, ಮೊಸಳೆಯ ಬಾಯಿಂದ ಪಾರಾಗುವ ಗಜೇಂದ್ರ, ಅವಳಿ ಮರ ಉರುಳಿಸುವ ಬಾಲಕೃಷ್ಣ. ಭಾಗವತ ಬಲ್ಲವರಿಗೆ ಇಲ್ಲಿ ಮಾರ್ಗದರ್ಶಿ ಬೇಡ. ತಮಿಳು ವರ್ತಕರು ಈ ಊರಿನಲ್ಲಿ ಶಿವಾಲಯ ಕಟ್ಟಿಸಿದ್ದಕ್ಕೆ 1281ರ ತಮಿಳು ಶಾಸನ ಸಾಕ್ಷಿ. ಗುಡಿ ಅಳಿದ ಮೇಲೆ ಅಂಥ ಕಲ್ಲುಗಳು ಬೌದ್ಧ ಮಂದಿರಕ್ಕೆ ಆಸರೆಯಾದವು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ 1009ರಲ್ಲಿ ಕಟ್ಟಿದ ಚಿಂಗ್‌ಜಿಂಗ್ ಮಸೀದಿಯಿದೆ.

ಊರಾಚೆಯ ಲೋಯಾಂಗ್ ಸೇತುವೆಯನ್ನು ಬಿಡುವಂತಿಲ್ಲ. ನದಿ ಕಡಲು ಸೇರುವಲ್ಲಿ 1053ರಿಂದ 1059ರ ನಡುವೆ ಇದನ್ನು ಕಟ್ಟಿದರು. ಅಲೆಯ ಹೊಡೆತಕ್ಕೆ ಬುನಾದಿ ಕದಲದಂತೆ ಕಲ್ಲುಗಳ ಮೇಲೆ ಸಿಂಪಿಗಳನ್ನು ಬೆಳೆಸಿದರು. ಅವು ಕಚ್ಚಿಕೊಂಡು ಬೆಳೆದು ಕಲ್ಲಿಗೆ ಕಲ್ಲು ಬೆಸೆದವು. ಸಮೀಪದ ಶುನ್‌ಪು ಎಂಬ ಮೀನುಗಾರರ ಹಳ್ಳಿಯಲ್ಲಿ ಮನೆಗೋಡೆಗಳೇ ಸಿಂಪಿಚಿಪ್ಪಿನವು. ಅಲ್ಲಿನ ಹೆಂಗಸರು ತುರುಬಿನ ಸುತ್ತ ಹೂವಿನ ದಂಡೆಗಳನ್ನು ಸಾಲುಸಾಲಾಗಿ ಮುಡಿಯುತ್ತಾರೆ.

ಶಿಯಾಮೆನ್ ನಗರದಿಂದ ವೇಗದ ರೈಲಿನಲ್ಲಿ ಇಲ್ಲಿಗೆ ಸುಮಾರು ಅರ್ಧ ಗಂಟೆಯ ದಾರಿ. ಟಿಕೆಟ್ಟಿಗೆ ಪಾಸ್‌ಪೋರ್ಟ್ ಬೇಕು. ಗೂಗಲ್ ನಕ್ಷೆಯನ್ನು ನಂಬಿ ಹೊರಡಬಾರದು. ಹಣ ಪಾವತಿಗೆ ಅಲಿಪೇ, ಮಾತಿಗೆ ಅನುವಾದದ ಆ್ಯಪ್ ಮೊದಲೇ ಮೊಬೈಲಿನಲ್ಲಿರಲಿ. ಚಿಕ್ಕ ಲಾಡ್ಜ್‌ಗಳಲ್ಲಿ ವಿದೇಶಿಯರಿಗೆ ಕೋಣೆ ಕೊಡುತ್ತಾರೆಯೇ ಎಂದು ವಿಚಾರಿಸಿಯೇ ಕಾಯ್ದಿರಿಸುವುದು ಒಳಿತು. ಊಟದಲ್ಲಿ ಸಿಂಪಿ, ಮೀನಿನದೇ ಕಾರುಬಾರು. ಸಸ್ಯಾಹಾರಿಗಳು ಬೌದ್ಧ ಶೈಲಿಯ ಊಟದ ಮನೆಗಳನ್ನು ಹುಡುಕಬೇಕು. ಚುವಾನ್‌ಜೌ ಆಡಳಿತಕ್ಕೇ ಸೇರಿದ ಆನ್‌ಶಿಯ ತಿಯೆಗ್ವಾನ್‌ಯಿನ್ ಚಹಾ ಮಾತ್ರ ಎಲ್ಲೆಡೆ ಸಿಗುತ್ತದೆ. ಬೇಸಿಗೆಯ ಕೊನೆಯಲ್ಲಿ ಚಂಡಮಾರುತದ ಕಾಟವಿರುವುದರಿಂದ ಅಕ್ಟೋಬರ್ ನಂತರ ಹೋಗುವುದು ಲೇಸು.