ಎರಡು ಎಕರೆಯಿಂದ ಎರಡು ಕೋಟಿ ಎಕರೆವರೆಗೆ

ಫ್ರಾನ್ಸಿನ ಬರ್ಗಂಡಿಯಲ್ಲಿ, ವೋನ್-ರೊಮಾನೆ ಎಂಬ ಊರಿನ ಪಕ್ಕದ ಇಳಿಜಾರಿನಲ್ಲಿ ಲಾ ರೊಮಾನೆ ಎಂಬ ದ್ರಾಕ್ಷಿ ತೋಟವಿದೆ. ಅದರ ವಿಸ್ತೀರ್ಣ 0.85 ಹೆಕ್ಟೇರ್. ನಮ್ಮ ಪಹಣಿಯ ಲೆಕ್ಕದಲ್ಲಿ ಎರಡು ಎಕರೆ ನಾಲ್ಕು ಗುಂಟೆ. ಈ ತುಂಡು ಭೂಮಿ ಬೇರೆ ಯಾವುದೋ ವೈನ್ ಪ್ರದೇಶದ ಭಾಗವಷ್ಟೇ ಅಲ್ಲ, ತಾನೇ ಒಂದು ಪ್ರದೇಶ. ಫ್ರಾನ್ಸಿನ ಕಾನೂನು ಅದಕ್ಕೆ ಪ್ರತ್ಯೇಕ ಹೆಸರು, ಪ್ರತ್ಯೇಕ ಗಡಿ, ಪ್ರತ್ಯೇಕ ನಿಯಮ ಕೊಟ್ಟಿದೆ.

ಈಗ ಅಮೆರಿಕಕ್ಕೆ ಬನ್ನಿ. ಮಿನ್ನೆಸೋಟ, ವಿಸ್ಕಾನ್ಸಿನ್, ಅಯೋವ, ಇಲಿನಾಯ್ ಈ ನಾಲ್ಕು ರಾಜ್ಯಗಳ ಮೇಲೆ ಹರಡಿಕೊಂಡಿರುವ ಮೇಲಿನ ಮಿಸಿಸಿಪ್ಪಿ ನದಿ ಕಣಿವೆಯನ್ನು 2009ರಲ್ಲಿ ಅಲ್ಲಿನ ಸರ್ಕಾರ ಅಧಿಕೃತ ದ್ರಾಕ್ಷಿ ಪ್ರದೇಶವೆಂದು ಘೋಷಿಸಿತು. ಅದರ ವಿಸ್ತೀರ್ಣ 29,914 ಚದರ ಮೈಲಿ, ಅಂದರೆ ಸುಮಾರು 77,000 ಚದರ ಕಿಲೋಮೀಟರ್. ಕರ್ನಾಟಕದ ಐದರಲ್ಲಿ ಎರಡು ಪಾಲು. ಎಕರೆಗಳಲ್ಲಿ ಹೇಳುವುದಾದರೆ 1 ಕೋಟಿ 91 ಲಕ್ಷ. ಆ ಒಂದು ಪ್ರದೇಶದೊಳಗೆ ಲಾ ರೊಮಾನೆಯಂಥವು 91 ಲಕ್ಷ ಹಿಡಿಸುತ್ತವೆ. ಕಳೆದ ಹಿಮಯುಗದ ಹಿಮನದಿಗಳು ಈ ನೆಲದ ಮೇಲೆ ಹರಿಯಲಿಲ್ಲ ಎಂಬುದೇ ಇಷ್ಟು ದೊಡ್ಡ ಗಡಿಗೆ ಆಧಾರ. ಸುತ್ತಲಿನ ನಾಡನ್ನೆಲ್ಲ ಹಿಮ ಉಜ್ಜಿ ಮಟ್ಟಸ ಮಾಡಿತು. ಇಲ್ಲಿ ಗುಡ್ಡ ಕಣಿವೆಗಳು ಹಾಗೇ ಉಳಿದವು.

ದೊಡ್ಡದಕ್ಕೆ ಬೆಲೆ ಹೆಚ್ಚು ಅನ್ನಿಸುವುದು ಸಹಜ. ವೈನ್ ಲೋಕದಲ್ಲಿ ಲೆಕ್ಕ ತಿರುವುಮುರುವು. ಲಾ ರೊಮಾನೆಗೆ ತಾಗಿಕೊಂಡೇ ಕೆಳಗಿರುವ ರೊಮಾನೆ-ಕೊಂಟಿ ತೋಟ ನಾಲ್ಕೂವರೆ ಎಕರೆಯಷ್ಟಿದೆ. ಅಲ್ಲಿ 1945ರಲ್ಲಿ ತಯಾರಾದದ್ದು 600 ಬಾಟಲಿ ಮಾತ್ರ. ಅದರಲ್ಲೊಂದು 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಮಿಸಿಸಿಪ್ಪಿಯ ಎರಡು ಕೋಟಿ ಎಕರೆಯ ಹೆಸರನ್ನು ಕೇಳಿದವರು ವೈನ್ ಕುಡಿಯುವವರಲ್ಲೇ ವಿರಳ.

ಇಂಥ ಗಡಿ ಹುಟ್ಟುವ ಬಗೆ ನನಗೆ ಬಹಳ ಇಷ್ಟವಾದ ಸಂಗತಿ. ಅಮೆರಿಕದಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಆ ಹೆಸರಿನಿಂದ ಜನ ನಿಜವಾಗಿಯೂ ಆ ನೆಲವನ್ನು ಕರೆಯುತ್ತಾರೆ ಎಂದು ತೋರಿಸಬೇಕು. ಮಣ್ಣು, ಎತ್ತರ, ಹವೆ, ಭೂರಚನೆ ಇವುಗಳಲ್ಲಿ ಅಕ್ಕಪಕ್ಕದ ನೆಲಕ್ಕಿಂತ ಏನು ಬೇರೆ ಎಂದು ಸಾಧಿಸಬೇಕು. ಆಮೇಲೆ ಸರ್ಕಾರಿ ಭೂಪಟದ ಮೇಲೆ ಗೆರೆ ಎಳೆದು, ಆ ಗೆರೆಯನ್ನು ಮಾತಿನಲ್ಲೂ ಬರೆದುಕೊಡಬೇಕು: ಇಂಥ ರಸ್ತೆ ಇಂಥ ಹಳ್ಳವನ್ನು ದಾಟುವ ಕಡೆಯಿಂದ ಹೊರಟು, ಇಂಥ ಎತ್ತರದ ಗೆರೆ ಹಿಡಿದು, ಇಂಥ ಬೆಟ್ಟದ ನೆತ್ತಿಯವರೆಗೆ. ನಮ್ಮ ಕ್ರಯಪತ್ರದ ಚಕ್ಕುಬಂದಿಯದೇ ರೀತಿ. ಕರಡು ಪ್ರಕಟವಾಗುತ್ತದೆ, ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಮಂಜೂರಾದ ಮೇಲೆ ಲೇಬಲ್ಲಿನಲ್ಲಿ ಆ ಹೆಸರು ಹಾಕಬೇಕಾದರೆ ಶೇಕಡ 85ರಷ್ಟು ದ್ರಾಕ್ಷಿ ಗಡಿಯೊಳಗಿನದ್ದೇ ಆಗಿರಬೇಕು. ವೈನ್ ಚೆನ್ನಾಗಿದೆ ಎಂಬ ಭರವಸೆಯನ್ನು ಸರ್ಕಾರ ಎಲ್ಲೂ ಕೊಡುವುದಿಲ್ಲ. ಎಲ್ಲಿಯದು ಎಂದಷ್ಟೇ ಹೇಳುತ್ತದೆ.

ಹೀಗೆ ಮೊದಲು ಹೆಸರು ಪಡೆದದ್ದು ಕ್ಯಾಲಿಫೋರ್ನಿಯಾ ಅಲ್ಲ, ಮಿಸ್ಸೋರಿಯ ಆಗಸ್ಟಾ, 1980ರಲ್ಲಿ. ನಾಪಾ ಕಣಿವೆಯದು ಮರುವರ್ಷ. ಈಗ ಒಟ್ಟು 270ಕ್ಕೂ ಹೆಚ್ಚಿವೆ, ಅರ್ಧಕ್ಕಿಂತ ಹೆಚ್ಚು ಕ್ಯಾಲಿಫೋರ್ನಿಯಾದಲ್ಲೇ. 2014ರಲ್ಲಿ ಪಾಸೊ ರೋಬಲ್ಸ್ ಪ್ರದೇಶದೊಳಗೆ ಒಂದೇ ಸಲಕ್ಕೆ 11 ಹೊಸ ಉಪಪ್ರದೇಶಗಳು ಹುಟ್ಟಿದವು. ಅದಕ್ಕೆ ಹಿಡಿದದ್ದು ಏಳು ವರ್ಷ.

ನಮ್ಮ ಕರ್ನಾಟಕದಲ್ಲಿ 2007ರ ವೈನ್ ನೀತಿ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ಎರಡು ವಲಯಗಳನ್ನು ಗುರುತಿಸಿತು, ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಆದರೆ ಆ ಮಾನ್ಯತೆ ಹಣ್ಣಿಗೆ. ನಂದಿಯ ಮಣ್ಣನ್ನೂ ಎತ್ತರವನ್ನೂ ಹೀಗೆ ಗೆರೆ ಗೆರೆಯಾಗಿ ದಾಖಲಿಸುವ ಕೆಲಸ ಆಗಬೇಕೆಂಬುದು ನನ್ನ ಬಲವಾದ ಆಸೆ.

ಅಂಥ ಗೆರೆಯಿಂದ ಅಮೆರಿಕದ ಆರಿಗನ್ ರಾಜ್ಯದ ಮಿಲ್ಟನ್-ಫ್ರೀವಾಟರ್ ಊರಿನ ಸುತ್ತ ಏನಾಯಿತು ನೋಡಿ. ಅಲ್ಲಿ ಸೇಬು, ಪ್ಲಮ್, ಚೆರ್ರಿ ತೋಟಗಳಿದ್ದವು. 1996ರಲ್ಲಿ ಕ್ರಿಸ್ಟೋಫ್ ಬರೋನ್ ಎಂಬ ಫ್ರೆಂಚ್ ಯುವಕ ಅಲ್ಲಿ ಉತ್ತ ಹೊಲವೊಂದನ್ನು ಕಂಡ. ಮಣ್ಣಿಗಿಂತ ಕಲ್ಲೇ ಹೆಚ್ಚು, ನದಿ ಉರುಳಿಸಿ ನುಣುಪು ಮಾಡಿದ ಕಪ್ಪು ಬಸಾಲ್ಟ್ ಗುಂಡುಕಲ್ಲು. ಬೇರೆಯವರಿಗೆ ಬೇಡವಾದ ಆ ನೆಲದಲ್ಲಿ ಅವನು ದ್ರಾಕ್ಷಿ ನೆಟ್ಟ. 2015ರಲ್ಲಿ ಅಲ್ಲಿನ 3,770 ಎಕರೆ 'ರಾಕ್ಸ್ ಡಿಸ್ಟ್ರಿಕ್ಟ್' ಆಯಿತು. ಭೂವಿಜ್ಞಾನಿ ಕೆವಿನ್ ಪೋಗ್ ಎಳೆದ ಆ ಗೆರೆ ಹೆಚ್ಚುಕಡಿಮೆ ಒಂದೇ ಜಾತಿಯ ಮಣ್ಣನ್ನು ಹಿಂಬಾಲಿಸುತ್ತದೆ. ಆದರೆ ಅಲ್ಲಿನ ದ್ರಾಕ್ಷಿ ಕೊಳ್ಳುವ ಅನೇಕ ವೈನರಿಗಳಿರುವುದು ಹತ್ತಿರದ ವಾಲಾ ವಾಲಾದಲ್ಲಿ, ಅದು ವಾಷಿಂಗ್ಟನ್ ರಾಜ್ಯ. ವೈನ್ ಆಯಾ ರಾಜ್ಯದೊಳಗೇ ತಯಾರಾಗಬೇಕು ಎಂಬ ನಿಯಮವಿರುವುದರಿಂದ, ದ್ರಾಕ್ಷಿ ಪೂರ್ತಿ ಆ ಕಲ್ಲಿನದ್ದೇ ಆದರೂ, ರಾಜ್ಯದ ಗಡಿ ದಾಟಿದೊಡನೆ ಆ ಹೆಸರಿನ ಹಕ್ಕು ಹೋಗುತ್ತದೆ. ಮಣ್ಣಿಗೆ ನಿಷ್ಠವಾದ ಗೆರೆಯನ್ನು ರಾಜ್ಯದ ಗೆರೆ ಹೀಗೆ ತುಂಡರಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಹೆಸರಿಗೆ ಎಷ್ಟು ಬೆಲೆ? 2023ರಲ್ಲಿ ನಾಪಾದ ಒಂದು ಟನ್ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಯ ಸರಾಸರಿ ದರ ಸುಮಾರು 9,000 ಡಾಲರ್. ಅದೇ ತಳಿ, ಅದೇ ರಾಜ್ಯದ ಬಿಸಿ ಬಯಲಾದ ಫ್ರೆಸ್ನೊ ಕಡೆ ಸಾವಿರ ಡಾಲರನ್ನೂ ಮುಟ್ಟುವುದಿಲ್ಲ.

ಶಾಂಪೇನ್ ನಾಡಿನದು ಇದಕ್ಕಿಂತ ಎದೆ ನಡುಗಿಸುವ ಕತೆ. ಅಲ್ಲಿ ಗಡಿಯೊಳಗಿನ ಒಂದು ಹೆಕ್ಟೇರ್ ದ್ರಾಕ್ಷಿ ತೋಟಕ್ಕೆ ಸುಮಾರು ಹತ್ತು ಲಕ್ಷ ಯೂರೋ, ನಮ್ಮ ದುಡ್ಡಿನಲ್ಲಿ ಒಂಬತ್ತು ಕೋಟಿಗೂ ಮೇಲೆ. ಫ್ರಾನ್ಸಿನ ಸಾಮಾನ್ಯ ಹೊಲಕ್ಕೆ ಸರಾಸರಿ ಆರು ಸಾವಿರ ಯೂರೋ ಆಸುಪಾಸು. ನೂರೈವತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. 1908ರಲ್ಲಿ ಮೊದಲ ಸಲ ಗಡಿ ಎಳೆದಾಗ ಓಬ್ ಜಿಲ್ಲೆಯವರು ಹೊರಗುಳಿದರು, ಮುಂದೆ ದಂಗೆಯೆದ್ದರು. 1911ರ ಏಪ್ರಿಲಿನಲ್ಲಿ ಸರ್ಕಾರ ಆ ಗಡಿಯನ್ನೇ ಕೈಬಿಡಬಹುದೆಂಬ ಸುದ್ದಿ ಬಂದಾಗ ಒಳಗಿದ್ದ ಮಾರ್ನ್ ಜಿಲ್ಲೆಯವರು ಸಿಡಿದೆದ್ದರು. ಆಯಿ ಎಂಬ ಊರಿನಲ್ಲಿ ವೈನ್ ವ್ಯಾಪಾರಿಗಳ ಮನೆಗಳಿಗೆ ಬೆಂಕಿ ಬಿತ್ತು, ಸೈನ್ಯ ಬರಬೇಕಾಯಿತು. ಓಬ್‌ಗೆ ಪೂರ್ಣ ಮಾನ್ಯತೆ ಸಿಕ್ಕಿದ್ದು 1927ರ ಕಾನೂನಿನಿಂದ. ಅಂದು ಹೊರಗಟ್ಟಿದ್ದ ಆ ಭಾಗದಲ್ಲಿ ಇಂದು ಶಾಂಪೇನಿನ ಒಟ್ಟು 34,000 ಹೆಕ್ಟೇರ್ ತೋಟದ ಸುಮಾರು ಕಾಲು ಭಾಗವಿದೆ.

2008ರಲ್ಲಿ ಅದೇ ಗಡಿಯನ್ನು ಮತ್ತೆ ತೆರೆಯುವ ಪ್ರಸ್ತಾವ ಬಂತು: 319 ಊರುಗಳನ್ನು 357ಕ್ಕೆ ಏರಿಸುವುದು. 40 ಸೇರಬೇಕು, ಜರ್ಮೇನ್ ಮತ್ತು ಓರ್ಬೆ-ಲಾಬೆಯಿ ಎಂಬ ಎರಡು ಹೊರಬೀಳಬೇಕು. ಇತಿಹಾಸ, ಭೂಗೋಳ, ಭೂವಿಜ್ಞಾನ, ಸಸ್ಯಸಮುದಾಯ, ಬೇಸಾಯ ಬಲ್ಲ ತಜ್ಞರು ಕೂತು ಆ ಪಟ್ಟಿ ಮಾಡಿದರು. ಊರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅಲ್ಲಿನ ರೈತನ ಹೊಲ ಸೇರಿದಂತಲ್ಲ. ಎರಡನೆಯ ಹಂತದಲ್ಲಿ ಒಂದೊಂದೇ ತಾಕನ್ನು ನೋಡಿ ಇದು ಒಳಗೆ, ಇದು ಹೊರಗೆ ಎಂದು ತೀರ್ಮಾನಿಸಬೇಕು. ಒಂದೇ ಊರಿನಲ್ಲಿ ಬದುವಿನ ಈಚೆ ಗೋಧಿ ಬೆಳೆಯುವವನ ಜಮೀನು ಆರು ಸಾವಿರದ ಮಟ್ಟದಲ್ಲೇ ಉಳಿಯಬಹುದು, ಆಚೆಯವನದು ಹತ್ತು ಲಕ್ಷಕ್ಕೆ ಹಾರಬಹುದು.