ಯಾರ ಹಡಗು? ಬಾವುಟ ನೋಡಿ!

ನಮ್ಮಲ್ಲಿ ಮಾಗಡಿಯಿಂದ ದಿನಾ ಕಾಲೇಜಿಗೆ ಬರುವವರಿಗೆ ಒಂದು ವಿದ್ಯೆ ತಾನಾಗೇ ಬಂದಿದೆ. ತಿರುವಿನಲ್ಲಿ ಬಸ್ಸು ಕಂಡರೆ ಸಾಕು, ಬೋರ್ಡ್ ಓದೋ ಮೊದಲೇ ಬಣ್ಣ ನೋಡಿ ಸರ್ಕಾರಿದಾ, ಪ್ರೈವೇಟಾ ಅಂತ ಹೇಳಿಬಿಡ್ತೀವಿ. ಪಾಸ್ ನಡೆಯುತ್ತೋ, ದುಡ್ಡು ಕೊಡಬೇಕೋ ಅನ್ನೋದು ಅದರ ಮೇಲೇ ನಿಂತಿದೆ! ನೂರು ವರ್ಷದ ಹಿಂದೆ ಬಂದರಿನಲ್ಲಿ ಕಾಯುತ್ತಿದ್ದವರೂ ಹೀಗೇ ಹಡಗು ಗುರುತಿಸುತ್ತಿದ್ದರು. ಅವರು ನೋಡುತ್ತಿದ್ದದ್ದು ಹೊಗೆ ಕೊಳವೆಯ ಬಣ್ಣ ಮತ್ತು ಬಾವುಟ.

ಪ್ರಯಾಣಿಕರ ಹಡಗಿನ ಮೇಲೆ ಹಲವು ಬಾವುಟಗಳಿರುತ್ತಿದ್ದವು. ಬರೀ ಅಂದಕ್ಕಲ್ಲ, ಒಂದೊಂದೂ ಒಂದು ಪ್ರಶ್ನೆಗೆ ಉತ್ತರ. ಯಾವ ದೇಶದ್ದು? ಹಿಂಭಾಗದ ಬಾವುಟ ನೋಡಿ. ಎಲ್ಲಿಗೆ ಹೋಗುತ್ತೆ? ಮುಂದಿನ ಕಂಬದಲ್ಲಿ ಆ ದೇಶದ ಬಾವುಟ. ಯಾವಾಗ ಹೊರಡುತ್ತೆ? ನೀಲಿ ನಡುವೆ ಬಿಳಿ ಚೌಕವಿರುವ 'ಬ್ಲೂ ಪೀಟರ್' ಏರಿದ್ದರೆ ಸದ್ಯದಲ್ಲೇ. ಹೆಸರೇನು? ಅದಕ್ಕೆ ನಾಲ್ಕು ಬಾವುಟಗಳ ಕೋಡ್. ಟೈಟಾನಿಕ್‌ನದು ಎಚ್, ವಿ, ಎಂ, ಪಿ.

ಉಳಿದದ್ದು ಒಂದೇ ಪ್ರಶ್ನೆ: ಯಾವ ಕಂಪನಿಯದು? ಅದನ್ನು ಹೇಳುವುದೇ 'ಹೌಸ್ ಫ್ಲ್ಯಾಗ್'. ಟೈಟಾನಿಕ್‌ನ ವೈಟ್ ಸ್ಟಾರ್ ಕಂಪನಿಯದು ಕೆಂಪಿನ ಮೇಲೆ ಬಿಳಿ ನಕ್ಷತ್ರ. ಭಾರತಕ್ಕೆ ಬರುತ್ತಿದ್ದ ಪಿ ಅಂಡ್ ಓ ಕಂಪನಿಯದು ನಾಲ್ಕು ಬಣ್ಣದ ನಾಲ್ಕು ತ್ರಿಕೋನ. ನೀಲಿ ಬಿಳಿ ಪೋರ್ಚುಗಲ್‌ನಿಂದ, ಕೆಂಪು ಹಳದಿ ಸ್ಪೇನ್‌ನಿಂದ ಬಂದವು. ಕಂಪನಿಯ ಮೊದಲ ಹಡಗುಗಳು ಓಡಾಡಿದ್ದು ಆ ಕಡೆಗೇ.

ಹಡಗು ಮಾರಾಟವಾದರೆ ಈ ಬಾವುಟವೂ ಬದಲು. 1891ರಲ್ಲಿ ಓಡಾಟ ಶುರುಮಾಡಿದ 'ಎಂಪ್ರೆಸ್ ಆಫ್ ಇಂಡಿಯಾ' ಹಡಗಿನ ಮೇಲೆ ಕೆನಡಿಯನ್ ಪೆಸಿಫಿಕ್ ಕಂಪನಿಯ ಕೆಂಪು ಬಿಳಿ ಚೌಕಳಿ ಬಾವುಟವಿತ್ತು. ಮೊದಲ ಮಹಾಯುದ್ಧ ಬಂದಾಗ ಗ್ವಾಲಿಯರ್ ಮಹಾರಾಜರು ಅದನ್ನು ಕೊಂಡು ಆಸ್ಪತ್ರೆ ಹಡಗು ಮಾಡಿದರು, 'ಲಾಯಲ್ಟಿ' ಅಂತ ಹೆಸರಿಟ್ಟರು. 1919ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಜೊತೆಗಾರರ ಸಿಂಧಿಯಾ ಕಂಪನಿ ಅದನ್ನು ಕೊಂಡಿತು. ಅದೇ ವರ್ಷ ಏಪ್ರಿಲ್ 5ರಂದು, ಭಾರತೀಯರ ಕಂಪನಿಯ ಹಡಗಾಗಿ, ಅದು ಮುಂಬೈಯಿಂದ ಲಂಡನ್‌ಗೆ ಹೊರಟಿತು. ಏಪ್ರಿಲ್ 5 ಇವತ್ತಿಗೂ ರಾಷ್ಟ್ರೀಯ ಕಡಲ ದಿನ.

ಆದರೆ ಅವತ್ತಿನ ಹಡಗನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಕಂಬದ ಮೇಲಿನ ಬಾವುಟ ನಮ್ಮವರದು. ಹಿಂಭಾಗದ್ದು ಮಾತ್ರ ಮೂಲೆಯಲ್ಲಿ ಯೂನಿಯನ್ ಜ್ಯಾಕ್ ಇದ್ದ ಬ್ರಿಟಿಷರ ಕೆಂಪು ಬಾವುಟ. ಕಂಪನಿ ನಮ್ಮದಾಗಿತ್ತು, ದೇಶ ಇನ್ನೂ ಆಗಿರಲಿಲ್ಲ.

'ಲಾಯಲ್ಟಿ' 1923ರಲ್ಲಿ ಗುಜರಿಗೆ ಹೋಯಿತು. ಕಂಪನಿ ಉಳಿಯಿತು. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ನಮ್ಮಲ್ಲಿ ಎಷ್ಟೋ ಜನ ಕೆಲಸದ ಕನಸು ಕಾಣುವ ಎಚ್‌ಎಎಲ್ ಅದೇ.

ಹಿಂಭಾಗದ ಬಾವುಟ ಬದಲಾಗಲು ಸ್ವಾತಂತ್ರ್ಯವೇ ಬರಬೇಕಾಯಿತು. ಈಗಲೂ ನಮ್ಮ ವ್ಯಾಪಾರಿ ಹಡಗುಗಳ ಬಾವುಟದ ಬಟ್ಟೆ ಕೆಂಪೇ, ಆದರೆ ಮೂಲೆಯಲ್ಲಿ ನಮ್ಮ ತ್ರಿವರ್ಣ. ಇನ್ಮೇಲೆ ಹಳೇ ಹಡಗಿನ ಫೋಟೋ ಸಿಕ್ಕರೆ ಕಂಬ ನೋಡಿ ಸುಮ್ಮನಾಗಬೇಡಿ, ಹಿಂಭಾಗವನ್ನೂ ನೋಡಿ.