ಮನೆ ಮುಂದಿನ ನಿತ್ಯಪುಷ್ಪ: ಬೆಳೆಸೋದು ಸುಲಭ, ರಸ ಮಾತ್ರ ಕುಡಿಯಬೇಡಿ

ಚೇಳೂರು: ನಮ್ಮೂರಲ್ಲಿ ಒಂದು ಸುತ್ತು ಹಾಕಿ ನೋಡಿ. ಅಂಗಡಿ ಮೆಟ್ಟಿಲ ಪಕ್ಕ, ದೇವಸ್ಥಾನದ ಕಾಂಪೌಂಡ್ ಮೂಲೆ, ಚರಂಡಿ ಕಲ್ಲಿನ ಸಂದು, ಹೀಗೆ ಎಲ್ಲಾದರೂ ಐದು ಎಸಳಿನ ಗುಲಾಬಿ ಬಣ್ಣದ ಹೂವು ಇಲ್ಲವೇ ಬಿಳಿ ಹೂವು ಕಣ್ಣಿಗೆ ಬಿದ್ದೇ ಬೀಳುತ್ತೆ. ಬಹಳ ಕಡೆ ಅದನ್ನ ಯಾರೂ ನೆಟ್ಟಿರಲ್ಲ, ಯಾರೂ ನೀರು ಹಾಕಿರಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ನಿಂತರೂ ಇದರ ಹೂವು ನಿಲ್ಲಲ್ಲ. ಅದಕ್ಕೇ ಹೆಸರು ನಿತ್ಯಪುಷ್ಪ. ಕೆಲವರು ಸದಾಪುಷ್ಪ ಅಂತಾರೆ, ಹಳಬರು ಕಾಶಿ ಕಣಗಿಲೆ ಅಂತಾರೆ.

ಈ ಗಿಡದ ಬಗ್ಗೆ ಬರೆಯೋಕೆ ಒಂದು ಕಾರಣ ಇದೆ. ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಮಾತ್ರೆ ತಗೋತಾರೆ. ಯಾರೋ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿದ್ರು: ಬೆಳಿಗ್ಗೆ ಖಾಲಿ ಹೊಟ್ಟೇಲಿ ನಿತ್ಯಪುಷ್ಪದ ಎಲೆ ಅರೆದು ಕುಡಿದ್ರೆ ಶುಗರ್ ಮಾಯ ಅಂತ. ಮನೆ ಮುಂದೇನೇ ಗಿಡ ಇತ್ತು, ಕಾಸು ಖರ್ಚಿಲ್ಲ. ದೊಡ್ಡಮ್ಮ ಶುರು ಹಚ್ಕೊಂಡ್ರು. ಒಂದು ದಿನ ಬೆಳಿಗ್ಗೆ ಕೊಟ್ಟಿಗೇಲಿ ಸಗಣಿ ಬಾಚ್ತಾ ಬಾಚ್ತಾ ಬೆವರಿ ಕುಸಿದು ಬಿದ್ರು. ಆಸ್ಪತ್ರೇಲಿ ನೋಡಿದಾಗ ಶುಗರ್ ಪೂರ್ತಿ ಇಳಿದುಹೋಗಿತ್ತು. ಡಾಕ್ಟರ್ ಹೇಳಿದ್ದು ಇಷ್ಟು: "ಮಾತ್ರೆಯಿಂದ ಆಯ್ತೋ, ಸೊಪ್ಪಿನ ರಸದಿಂದ ಆಯ್ತೋ, ಎರಡೂ ಸೇರಿ ಆಯ್ತೋ ನಾನು ಹೇಳಕ್ಕಾಗಲ್ಲ. ಆದ್ರೆ ಈ ರಸ ಇವತ್ತಿಗೇ ನಿಲ್ಲಿಸಿ."

ದೊಡ್ಡಮ್ಮ ಈಗ ಆರಾಮಾಗಿದ್ದಾರೆ. ಆದರೆ ಅವರು ವಾಪಸ್ ಬಂದು ಮೊದಲು ಕೇಳಿದ್ದೇ, "ಹಂಗಾದ್ರೆ ಗಿಡ ಕಿತ್ತಾಕ್ಬೇಕೇನಪ್ಪಾ?" ಅಂತ. ಬೇಡ. ಗಿಡ ಒಳ್ಳೇದೇ. ಅದನ್ನ ಹೇಗೆ ಇಟ್ಕೋಬೇಕು ಅನ್ನೋದು ಗೊತ್ತಿರಬೇಕು ಅಷ್ಟೇ.

ಶುಗರ್ ಮದ್ದು ಹುಡುಕೋಕೆ ಹೋಗಿ ಸಿಕ್ಕಿದ್ದು ಕ್ಯಾನ್ಸರ್ ಮದ್ದು

ನಿತ್ಯಪುಷ್ಪ ನಮ್ಮ ದೇಶದ ಗಿಡ ಅಲ್ಲ. ಇದರ ತವರು ಆಫ್ರಿಕಾ ಪಕ್ಕದ ಮಡಗಾಸ್ಕರ್ ದ್ವೀಪ. ಅಲ್ಲಿಂದ ಹೊರಟಿದ್ದು ಬಿಸಿಲಿನ ದೇಶಗಳಿಗೆಲ್ಲ ಹರಡಿತು. ವೆಸ್ಟ್ ಇಂಡೀಸ್‌ನ ಜಮೈಕಾದಲ್ಲಿ ಜನ ಇದರ ಎಲೆ ಕಷಾಯವನ್ನ ಸಕ್ಕರೆ ಕಾಯಿಲೆಗೆ ಕುಡೀತಿದ್ರು. 1952ರಲ್ಲಿ ಆ ಎಲೆಗಳು ಕ್ಯಾನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರ ಕೈ ಸೇರಿದವು. ಅವರು ಅದನ್ನ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡ್ತಿದ್ದ ತಮ್ಮ ಸೋದರ ರಾಬರ್ಟ್ ನೋಬಲ್‌ಗೆ ಕೊಟ್ಟರು.

ಅಲ್ಲಿ ಇಲಿಗಳ ಮೇಲೆ ಪರೀಕ್ಷೆ ನಡೀತು. ಕಷಾಯ ಕುಡಿಸಿದಾಗ ಸಕ್ಕರೆ ಹೇಳಿಕೊಳ್ಳೋ ಹಾಗೆ ಇಳೀಲಿಲ್ಲ. ಸೂಜಿ ಮೂಲಕ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆ ಅಂತ ನೋಡಿದರೆ, ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳು ಸರ್ರನೆ ಕಡಿಮೆಯಾಗಿದ್ದವು. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನೇ ತಿರುಗಿಸಿ ಯೋಚನೆ ಮಾಡಿದ್ರು: ಬಿಳಿ ಕಣ ಅತಿಯಾಗಿ ಬೆಳೆಯೋ ಕಾಯಿಲೆಗೆ ಇದೇ ಮದ್ದಾಗಬಹುದಲ್ವಾ? 1958ರ ಹೊತ್ತಿಗೆ ಅವರು ಎಲೆಯಿಂದ ವಿನ್‌ಬ್ಲಾಸ್ಟಿನ್ ಅನ್ನೋ ಅಂಶ ಬೇರ್ಪಡಿಸಿದ್ರು. ಆಮೇಲೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ವಿಜ್ಞಾನಿಗಳು ವಿನ್‌ಕ್ರಿಸ್ಟಿನ್ ಕಂಡುಹಿಡಿದ್ರು.

ಇವತ್ತು ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಬಹಳ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇವೆರಡೂ ಇವೆ. ಇದರಿಂದ ಸಾವಿರಾರು ಮಕ್ಕಳು ಬದುಕಿದ್ದಾರೆ.

ಹಾಗಂತ ಎಲೆ ತಿಂದ್ರೆ ಕ್ಯಾನ್ಸರ್ ವಾಸಿ ಆಗಲ್ಲ. ಎಲೆಯಲ್ಲಿ ಈ ಅಂಶ ಎಷ್ಟು ಕಮ್ಮಿ ಅಂದ್ರೆ, ಒಂದು ಗ್ರಾಂ ಔಷಧ ತೆಗೆಯೋಕೆ ನೂರಾರು ಕೆಜಿ ಒಣ ಎಲೆ ಬೇಕು. ಆ ಔಷಧವನ್ನೂ ವೈದ್ಯರು ರಕ್ತನಾಳದ ಮೂಲಕ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡ್ತಾರೆ. ಎಲೆಯಲ್ಲಿ ಇನ್ನೂ ನೂರಕ್ಕೂ ಹೆಚ್ಚು ಬಗೆಯ ಕಹಿ ಕ್ಷಾರಗಳಿವೆ. ಮನೇಲಿ ಅರೆದ ಒಂದು ಲೋಟದಲ್ಲಿ ಯಾವುದು ಎಷ್ಟು ಬಂತು ಅಂತ ಅಳೆಯೋಕೆ ಯಾರಿಂದಲೂ ಆಗಲ್ಲ. ಗಿಡದಿಂದ ಗಿಡಕ್ಕೆ, ಮಳೆಗಾಲದಿಂದ ಬೇಸಿಗೆಗೆ ಅದು ಬದಲಾಗ್ತಾನೇ ಇರುತ್ತೆ.

ನಮ್ಮ ಕಡೆ ಸಿದ್ದರಬೆಟ್ಟದ ಗಿಡಮೂಲಿಕೆ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೇ ಹಸಿರಾಗಿದ್ದದ್ದೆಲ್ಲ ಔಷಧ, ಔಷಧ ಅಂದ್ಮೇಲೆ ತೊಂದರೆ ಇಲ್ಲ ಅನ್ನೋ ನಂಬಿಕೆ ಜಾಸ್ತಿ. ಕಣಗಿಲೆ, ಎಕ್ಕ, ನಂದಿಬಟ್ಟಲು, ನಿತ್ಯಪುಷ್ಪ ಎಲ್ಲ ಒಂದೇ ಕುಟುಂಬದ ಗಿಡಗಳು. ಕಣಗಿಲೆ ವಿಷ ಅಂತ ಹಳ್ಳಿ ಮಕ್ಕಳಿಗೂ ಗೊತ್ತು. ಇದು ಅದರ ನೆಂಟ ಅನ್ನೋದು ನೆನಪಿರಲಿ.

ಬೆಳೆಸೋದು ಹೇಗೆ?

ಹೂವಿಗಾಗಿ ಬೆಳೆಸೋದಾದ್ರೆ ಇದರಷ್ಟು ಸುಲಭದ ಗಿಡ ಇನ್ನೊಂದಿಲ್ಲ. ಅಂಗಡಿಯವರಿಗಂತೂ ಹೇಳಿ ಮಾಡಿಸಿದ ಹಾಗಿದೆ. ಭಾನುವಾರ ಬಾಗಿಲು ಹಾಕಿ ಊರಿಗೆ ಹೋದರೂ ಸೋಮವಾರ ಹೂವು ಬಿಟ್ಕೊಂಡು ನಿಂತಿರುತ್ತೆ.

ಬೀಜ: ಹೂವು ಉದುರಿದ ಮೇಲೆ ಜೋಡಿ ಜೋಡಿಯಾಗಿ ಸಣ್ಣ ಕೋಡುಗಳು ಬರ್ತವೆ. ಹಸಿರು ಹೋಗಿ ಹಳದಿ ತಿರುಗಿದ ಕೂಡಲೇ ಕಿತ್ಕೊಳ್ಳಿ. ಒಣಗೋ ತನಕ ಬಿಟ್ಟರೆ ತಾನಾಗೇ ಸಿಡಿದು ಬೀಜ ಚೆಲ್ಲಿ ಹೋಗುತ್ತೆ. ಚರಂಡಿ ಸಂದಿನಲ್ಲಿ ಗಿಡ ಹುಟ್ಟೋದು ಹೀಗೇ. ಒಳಗಿನ ಕರೀ ಬೀಜ ಸಾಸಿವೆಗಿಂತ ಚಿಕ್ಕದು. ಹಳೇ ಬೀಜಕ್ಕಿಂತ ಹೊಸ ಬೀಜ ಚೆನ್ನಾಗಿ ಮೊಳೆಯುತ್ತೆ.

ಬಿತ್ತನೆ: ಬೀಜಕ್ಕೆ ಸಣ್ಣ ಮರಳು ಬೆರೆಸಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿ. ಈ ಬೀಜ ಕತ್ತಲಲ್ಲೇ ಚೆನ್ನಾಗಿ ಮೊಳೆಯೋದು, ಅದಕ್ಕೆ ಮುಚ್ಚೋದು ಮರೀಬೇಡಿ. ಸುಮಾರು 10 ದಿನಕ್ಕೆ ಮೊಳಕೆ ಬರುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಸಸಿ ಮಾಡ್ಕೊಂಡ್ರೆ ಎರಡು ತಿಂಗಳಿಗೆ ನಾಟಿಗೆ ಸಿದ್ಧ. ಅಷ್ಟೊತ್ತಿಗೆ ಮುಂಗಾರೂ ಬಂದಿರುತ್ತೆ. ಎಳೆ ಕೊಂಬೆ ತುಂಡು ನೆಟ್ಟರೂ ಬೇರು ಬಿಡುತ್ತೆ.

ಮಣ್ಣು, ಕುಂಡ: ನಮ್ಮ ಕೆಂಪು ಮಣ್ಣು ಇದಕ್ಕೆ ಸರಿಹೋಗುತ್ತೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಸಾಕು. ಖಾಲಿ ಪೇಂಟ್ ಬಕೆಟ್, ಎಣ್ಣೆ ಟಿನ್ ಏನಾದ್ರೂ ನಡೆಯುತ್ತೆ. ಆದರೆ ತಳಕ್ಕೆ ನಾಲ್ಕೈದು ತೂತು ಹೊಡೀಲೇಬೇಕು.

ನೀರು: ಈ ಗಿಡ ನೀರಿಲ್ಲದೆ ಸಾಯೋದಕ್ಕಿಂತ ನೀರು ಜಾಸ್ತಿಯಾಗಿ ಸಾಯೋದೇ ಹೆಚ್ಚು. ಮಣ್ಣಿಗೆ ಬೆರಳು ಹಾಕಿ ನೋಡಿ, ಒಣಗಿದ್ರೆ ಮಾತ್ರ ಹಾಕಿ. ಎಲೆ ಮೇಲೆ ಸುರೀಬೇಡಿ, ಬುಡಕ್ಕೆ ಹಾಕಿ. ಎಲೆ ಹಳದಿ ಆಗ್ತಿದೆ ಅಂದ್ರೆ ಮೊದಲು ನೀರು ಕಮ್ಮಿ ಮಾಡಿ.

ಬಿಸಿಲು: ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ನೆರಳಲ್ಲಿ ಇಟ್ಟರೆ ಉದ್ದಕ್ಕೆ ಬೆಳೆದು ಹೂವು ಕಮ್ಮಿ ಬಿಡುತ್ತೆ.

ಕುಡಿ ಚಿವುಟೋದು: ಗಿಡ ಅರ್ಧ ಅಡಿ ಆದಾಗ ತುದಿ ಚಿವುಟಿ. ಪಕ್ಕದಿಂದ ಕೊಂಬೆ ಒಡೆದು ಪೊದೆ ಥರ ಆಗುತ್ತೆ. ಯೂರಿಯಾ ಹಾಕೋಕೆ ಹೋಗ್ಬೇಡಿ, ಬರೀ ಎಲೆ ಬರುತ್ತೆ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಗೊಬ್ಬರ ಸಾಕು.

ರೋಗ, ಹುಳ ಬಂದ್ರೆ

ದನ, ಮೇಕೆ ಸಾಮಾನ್ಯವಾಗಿ ಇದರ ಕಹಿಗೆ ಬಾಯಿ ಹಾಕಲ್ಲ. ಆದರೆ ಬೆರಳು ಗಾತ್ರದ ಹಸಿರು ಹುಳ ಒಂದಿದೆ, ತಲೆ ಹತ್ತಿರ ಎರಡು ನೀಲಿ ಕಣ್ಣಿನಂಥ ಮಚ್ಚೆ ಇರುತ್ತೆ. ಕಣಗಿಲೆ ಗಿಡದಲ್ಲೂ ಇದೇ ಹುಳ ಕಾಣುತ್ತೆ. ರಾತ್ರಿ ಬೆಳಗಾಗೋದರೊಳಗೆ ಎಲೆ ಬೋಳಿಸಿಬಿಡುತ್ತೆ. ಮದ್ದು ಬೇಡ, ಕಡ್ಡಿಯಿಂದ ಎತ್ತಿ ದೂರ ಬಿಟ್ಟರೆ ಆಯ್ತು. ಬಿಳಿ ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಚೂರು ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಮಳೆಗಾಲದಲ್ಲಿ ಕೊಂಬೆ ತುದಿಯಿಂದ ಕಪ್ಪಾಗಿ ಒಣಗ್ತಾ ಬಂದರೆ ಅದು ಶಿಲೀಂಧ್ರ. ಕಪ್ಪಾಗಿರೋ ಜಾಗದಿಂದ ಎರಡಿಂಚು ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡ್ಕೊಳ್ಳಿ. ಎಲೆ ತೀರಾ ಸಣ್ಣದಾಗಿ, ಹೂವೇ ಹಸಿರು ತಿರುಗಿದರೆ ಅದು ಕಿರು ಎಲೆ ರೋಗ. ಜಿಗಿಹುಳು ಮೂಲಕ ಹರಡುತ್ತೆ, ಮದ್ದಿಲ್ಲ. ಗಿಡ ಕಿತ್ತು ಸುಡೋದೊಂದೇ ದಾರಿ.

ಹೊಲದಲ್ಲಿ ಬೆಳೆದ್ರೆ ಲಾಭ ಇದೆಯಾ?

ಈ ಪ್ರಶ್ನೆ ಎಲ್ಲರೂ ಕೇಳ್ತಾರೆ. ಎಲೆ ಮಾತ್ರ ಅಲ್ಲ, ಬೇರಿಗೂ ಬೇಡಿಕೆ ಇದೆ. ಬೇರಿನಲ್ಲಿರೋ ಅಜ್ಮಲಿಸಿನ್ ಅನ್ನೋ ಅಂಶ ರಕ್ತ ಸಂಚಾರದ ಔಷಧಕ್ಕೆ ಹೋಗುತ್ತೆ. ಲಖನೌದ ಸೀಮ್ಯಾಪ್ ಸಂಸ್ಥೆ ಇದಕ್ಕಾಗಿ ನಿರ್ಮಲ್, ಧವಲ್ ಅನ್ನೋ ತಳಿ ಬಿಟ್ಟಿದೆ. ಸೀಮ್ಯಾಪ್‌ನ ಒಂದು ಕೇಂದ್ರ ಬೆಂಗಳೂರಲ್ಲೂ ಇದೆ. ಸಾಲಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಟ್ಟು ನಾಟಿ ಮಾಡ್ತಾರೆ. 6ನೇ ತಿಂಗಳು, 9ನೇ ತಿಂಗಳು ಎಲೆ ಕೀಳ್ತಾರೆ, ವರ್ಷ ತುಂಬಿದ ಮೇಲೆ ಬೇರು ಅಗೀತಾರೆ. ಮಳೆ ನಂಬಿದ ಹೊಲದಲ್ಲಿ ಹೆಕ್ಟೇರಿಗೆ ಸುಮಾರು 2 ಟನ್ ಒಣ ಎಲೆ, ಮುಕ್ಕಾಲು ಟನ್ ಒಣ ಬೇರು ಬರುತ್ತೆ ಅನ್ನೋದು ಲೆಕ್ಕ.

ಆದರೆ ಇದು ನಮ್ಮ ಹಲಸಿನ ಥರ ಅಲ್ಲ. ಹಲಸು ತಗೊಂಡು ಚೇಳೂರು ಸಂತೆಗೆ ಬಂದ್ರೆ ಯಾರಾದ್ರೂ ಕೊಳ್ಳೋರು ಸಿಕ್ಕೇ ಸಿಗ್ತಾರೆ. ನಿತ್ಯಪುಷ್ಪದ ಒಣ ಎಲೆ ಮೂಟೆ ಹೊತ್ಕೊಂಡು ಬಂದ್ರೆ ಸಂತೇಲಿ ಕೇಳೋರಿಲ್ಲ. ಕೊಳ್ಳೋದು ಔಷಧ ಕಂಪನಿಗಳು, ಅವರ ಏಜೆಂಟರು ಮಾತ್ರ. "ಬೀಜ ನಾವೇ ಕೊಡ್ತೀವಿ, ಬೆಳೆದದ್ದೆಲ್ಲ ನಾವೇ ವಾಪಸ್ ತಗೋತೀವಿ, ಮೊದಲು ಅಡ್ವಾನ್ಸ್ ಕಟ್ಟಿ" ಅಂತ ಯಾರಾದ್ರೂ ಬಂದ್ರೆ ದುಡ್ಡು ಕೊಡೋಕೆ ಮುಂಚೆ ಮೂರು ಕೆಲಸ ಮಾಡಿ. ಕೊಳ್ಳೋ ಕಂಪನಿ ಹೆಸರು, ರೇಟು, ತೇವಾಂಶದ ಷರತ್ತು ಎಲ್ಲ ಬರಹದಲ್ಲಿ ತಗೊಳ್ಳಿ. ಅದನ್ನ ಗುಬ್ಬಿ ತೋಟಗಾರಿಕೆ ಇಲಾಖೆ ಕಚೇರಿಯಲ್ಲೋ, ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋರಿಸಿ ಕೇಳಿ. ಅವರು ಹಿಂದೆ ಯಾರಿಂದ ಕೊಂಡಿದ್ದಾರೋ ಆ ರೈತರ ಹತ್ತಿರ ಖುದ್ದಾಗಿ ಹೋಗಿ ಮಾತಾಡಿ. ಇಷ್ಟಕ್ಕೆ ಒಪ್ಪದ ಏಜೆಂಟ್‌ಗೆ ಟೀ ಕುಡಿಸಿ ಕಳಿಸಿಬಿಡಿ.

ಈಗಾಗಲೇ ರಸ ಕುಡೀತಾ ಇದ್ರೆ?

ಮೊದಲು ನಿಲ್ಲಿಸಿ. ಡಾಕ್ಟರ್ ಬರೆದ ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ, ಹೆಚ್ಚೂ ಮಾಡ್ಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮುಚ್ಚಿಡದೆ ಹೇಳಿ. ಶುಗರ್ ಜೊತೆ ರಕ್ತಕಣದ ಪರೀಕ್ಷೆನೂ ಮಾಡಿಸಬೇಕಾ ಅಂತ ಕೇಳಿ. ಬಯ್ತಾರೆ ಅಂತ ಹೆದರಬೇಡಿ. ನಮ್ಮ ದೊಡ್ಡಮ್ಮನೂ ಬಯ್ಸಿಕೊಂಡ್ರು, ಆದ್ರೆ ಹುಷಾರಾದ್ರು.

ಬೆವರು, ಕೈ ನಡುಕ, ಕಣ್ಣು ಕತ್ತಲೆ ಬಂದರೆ ಶುಗರ್ ಇಳಿದಿರಬಹುದು. ಎಚ್ಚರ ಇದ್ರೆ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಮಕ್ಕಳು ಎಲೆ ತಿಂದುಬಿಟ್ಟರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗ್ಬೇಡಿ. ಗಿಡದ ಒಂದು ಕೊಂಬೆ ಕೈಯಲ್ಲಿ ಹಿಡ್ಕೊಂಡು ನೇರ ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ಯಾವ ಗಿಡ ಅಂತ ಗೊತ್ತಾಗುತ್ತೆ. ಗರ್ಭಿಣಿಯರು, ಮಗುವಿಗೆ ಹಾಲು ಕೊಡೋರು ಈ ಗಿಡದ ಯಾವ ಭಾಗವನ್ನೂ ಬಾಯಿಗೆ ಹಾಕಲೇಬಾರದು. ಎಲೆ ಕಿತ್ತ ಮೇಲೆ ಕೈ ತೊಳ್ಕೊಳ್ಳೋದು ಎಲ್ಲರಿಗೂ ಒಳ್ಳೇದು.

ದೊಡ್ಡಮ್ಮನ ಮನೆ ಮುಂದಿನ ಗಿಡ ಈಗಲೂ ಅಲ್ಲೇ ಇದೆ. ದಿನಾ ಬೆಳಿಗ್ಗೆ ಅದರ ಬಿಳಿ ಹೂವು ಕಿತ್ತು ದೇವರ ಫೋಟೋಗೆ ಇಡ್ತಾರೆ. ಎಲೆ ಮುಟ್ಟಲ್ಲ. ಪಕ್ಕದ ಮನೆಯವರು ಶುಗರ್‌ಗೆ ಅಂತ ನಾಲ್ಕು ಎಲೆ ಕೇಳೋಕೆ ಬಂದ್ರೆ, ಕೂರಿಸಿ ಕೊಟ್ಟಿಗೇಲಿ ಬಿದ್ದ ಕಥೆ ಹೇಳಿ ಕಳಿಸ್ತಾರೆ. ನಿಮ್ಮ ಮನೇಲೂ ಯಾರಾದ್ರೂ ಕುಡೀತಾ ಇದ್ರೆ ಇದನ್ನ ಓದಿ ಹೇಳಿ.